ಎಂಬತ್ತು ಬದನೆಕಾಯಿ, ಒಂದು ಚಿಕ್ಕ ಚಾಕು

ಎಣ್ಣೆಗಾಯಿಗೆ ಬದನೆಕಾಯಿ ಸೀಳುವುದು ನೋಡೋಕೆ ಸುಲಭ. ತೊಟ್ಟು ಹಾಗೇ ಇರಬೇಕು. ಬುಡದಿಂದ ನಾಲ್ಕು ಸೀಳು ಆಗಬೇಕು, ಆದರೆ ಹೋಳು ಬಿಡಿಬಿಡಿಯಾಗಿ ಕೈಗೆ ಬರಬಾರದು. ತೊಟ್ಟಿನ ಹತ್ತಿರ ಎಲ್ಲಿ ನಿಲ್ಲಿಸಬೇಕು ಅಂತ ಕೈಗೇ ಗೊತ್ತಾಗಬೇಕು. ಮನೆಮಟ್ಟಿಗೆ ಎಂಟು ಕಾಯಿ ಸೀಳುವಾಗ ಯಾವ ಚಾಕು ಆದರೂ ನಡೆಯುತ್ತದೆ. ಮೂವತ್ತು ಜನರ ಊಟಕ್ಕೆ ಎಂಬತ್ತು ಕಾಯಿ ಸೀಳಲು ಕೂತಾಗ ಚಾಕುವಿನ ಬಣ್ಣ ಬಯಲಾಗುತ್ತದೆ.

ನಾನು ಹಾಸನದಲ್ಲಿ ಮನೆಯಿಂದಲೇ ನಾಮಕರಣ, ಸತ್ಯನಾರಾಯಣ ಪೂಜೆ, ಹುಟ್ಟಿದಹಬ್ಬ ಇಂಥ ಸಣ್ಣಪುಟ್ಟ ಊಟಗಳಿಗೆ ಅಡುಗೆ ಮಾಡಿಕೊಡುತ್ತೇನೆ. ದೊಡ್ಡ ಹೆಚ್ಚುವ ಕೆಲಸಕ್ಕೆ ಈಳಿಗೆಮಣೆ ಇದೆ, ಅತ್ತೆ ಇದ್ದಾರೆ. ನಾನು ಚಾಕು ಎಲ್ಲಿಟ್ಟೆ ಅಂತ ಹುಡುಕುವಷ್ಟರಲ್ಲಿ ಅವರು ಅರ್ಧ ಕುಂಬಳಕಾಯಿ ಹೋಳು ಮಾಡಿರುತ್ತಾರೆ. ಆದರೆ ಕಾಯಿಯನ್ನು ಕೈಯಲ್ಲೇ ಹಿಡಿದು ಮಾಡುವ ಕೆಲಸ ಬೇರೆ. ಆಲೂಗಡ್ಡೆಯ ಕಣ್ಣು ತೆಗೆಯಬೇಕು, ನವಿಲುಕೋಸಿನ ನಾರು ಸಿಪ್ಪೆ ಎಳೆಯಬೇಕು, ಹೀರೇಕಾಯಿಯ ಏಣು ಹೆರೆಯಬೇಕು. ಅದಕ್ಕೆ ಚಿಕ್ಕ ಚಾಕುವೇ ಆಗಬೇಕು. ನನ್ನ ಕೈಗೆ ಮೂರೂವರೆ ಇಂಚಿನ ಅಲಗು ಸರಿ. ನಾಲ್ಕು ಇಂಚು ದಾಟಿದರೆ ತುದಿ ಎಲ್ಲಿದೆ ಅಂತ ಬೆರಳಿಗೆ ಲೆಕ್ಕ ಸಿಗುವುದಿಲ್ಲ.

ಈಗಿನ ಚಾಕುವಿಗೆ ಬರುವ ಮೊದಲು ಮೂರು ಚಾಕು ಹಾಳು ಮಾಡಿಕೊಂಡೆ. ಮೊದಲನೆಯದು ಪಾತ್ರೆ ಅಂಗಡಿಯದು. ಫಳಫಳ ಹೊಳೆಯುತ್ತಿತ್ತು. ಒಂದು ವಾರಕ್ಕೆ ಟೊಮೆಟೊ ಹಿಚುಕಲು ಶುರು ಮಾಡಿತು. ಎಷ್ಟು ಮಸೆದರೂ ಎರಡು ದಿನಕ್ಕೆ ಮತ್ತೆ ಮೊಂಡು. ಕಾರಣ ಆಮೇಲೆ ತಿಳಿಯಿತು. ತಟ್ಟೆ ಲೋಟಕ್ಕೆ ಹಾಕುವ ಒಳ್ಳೆ ಸ್ಟೀಲಿನಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವುದಿಲ್ಲ. ಗಟ್ಟಿಯಾಗದ ಲೋಹದಲ್ಲಿ ಬಾಯಿ, ಅಂದರೆ ಅಂಚಿನ ಹರಿತ, ನಿಲ್ಲುವುದೂ ಇಲ್ಲ. ಆ ಜಾತಿಯ ಸ್ಟೀಲಿಗೆ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಈಗ ಚಾಕು ಕೊಳ್ಳಲು ಹೋದರೆ ಫ್ರಿಜ್ ಮೇಲೆ ಅಂಟಿಸಿರುವ ಆನೆ ಗೊಂಬೆಯನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ. ಆನೆ ಅಂಟಿತು ಅಂದ ಮಾತ್ರಕ್ಕೆ ಚಾಕು ಒಳ್ಳೇದು ಅಂತಲ್ಲ. ಅಂಟದಿದ್ದರೆ ಮಾತ್ರ ಆ ಸ್ಟೀಲ್ ಚಾಕು ಬೇಡವೇ ಬೇಡ.

ಎರಡನೆಯದು ಬೆಂಗಳೂರಿನಿಂದ ಮೈದುನ ತಂದುಕೊಟ್ಟಿದ್ದು. ಜಪಾನಿನದು, ಬೆಲೆ ಕೇಳಿದರೆ ಅತ್ತೆ ಊಟ ಬಿಡುತ್ತಾರೆ ಅಂತ ನಾವು ಹೇಳಲೇ ಇಲ್ಲ. ಬಾಯಿ ಎಂದರೆ ಬಾಯಿ! ಈರುಳ್ಳಿ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತಿತ್ತು. ಒಂದು ದಿನ ಅರಸೀಕೆರೆ ಕಡೆಯ ಒಣ ಕೊಬ್ಬರಿ ಗಿಟುಕನ್ನು ಅದರಲ್ಲಿ ಮೀಟಲು ಹೋದೆ. ಟಿಕ್ ಅಂತ ಸದ್ದು. ಅಂಚಿನಲ್ಲಿ ರಾಗಿಕಾಳಿನಷ್ಟು ಚೂರು ಎದ್ದುಹೋಗಿತ್ತು.

"ಅಷ್ಟು ದುಡ್ಡಿನ ಚಾಕು ಕೊಬ್ಬರಿಗೆ ಹೆದರ್ತದಾ?" ಅಂದರು ಅತ್ತೆ. ಬೆಲೆ ಅವರಿಗೆ ಹೇಗೋ ಗೊತ್ತಾಗಿತ್ತು.

ತಪ್ಪು ಚಾಕುವಿನದಲ್ಲ, ನನ್ನದು. ಉಕ್ಕಿನ ಗಟ್ಟಿತನವನ್ನು ರಾಕ್‌ವೆಲ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಇಂಥ ಜಪಾನಿ ಚಾಕುಗಳು 60 ದಾಟುತ್ತವೆ. ಗಟ್ಟಿ ಜಾಸ್ತಿಯಾದಷ್ಟೂ ಬಾಯಿ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಅಡ್ಡ ಒತ್ತಿದರೆ ಬಾಗುವ ಬದಲು ಮುರಿಯುತ್ತದೆ. ಜರ್ಮನ್ ಮಾದರಿಯವು 55-57ರ ಆಸುಪಾಸು. ಅವು ಬೇಗ ಮೊಂಡಾಗುತ್ತವೆ, ಬೇಗ ಮಸೆಸಿಕೊಳ್ಳುತ್ತವೆ. ಮುರಿದ ಜಾಗ ತೆಗೆಯಲು ನಾನು ನಮ್ಮ ಸಾಮಾನ್ಯ ಕಲ್ಲಿನ ಮೇಲೆ ಮೂರು ಸಂಜೆ ಕೂತೆ. ಕಲ್ಲೇ ಸವೆದ ಹಾಗಾಯಿತು.

ಆಗ ಇನ್ನೊಂದು ದಡ್ಡತನ ಮಾಡಿದೆ. ಬೀದಿಯಲ್ಲಿ ಸಾಣೆ ಹಿಡಿಯುವವರು ಬಂದಿದ್ದರು, ಕೊಟ್ಟುಬಿಟ್ಟೆ. ಚಕ್ರ ಜೋರಾಗಿ ತಿರುಗಿ ಕಿಡಿ ಹಾರುತ್ತಿತ್ತು. ನಾನು ಖುಷಿಯಿಂದ ನಿಂತು ನೋಡಿದೆ. ನೀರು ಒಂದು ಹನಿ ಇಲ್ಲ. ವಾಪಸ್ ಬಂದ ಚಾಕುವಿನ ತುದಿ ನವಿಲುಗರಿಯ ಹಾಗೆ ನೀಲಿ. ಚೆಂದ ಕಾಣುತ್ತಿತ್ತು ಕೂಡ. ಆ ನೀಲಿ ಅಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ ಅಂತ ಅರ್ಥ. ಅಷ್ಟು ಕಾದರೆ ಅಲಗಿಗೆ ಕೊಟ್ಟ ಹದ ಹೋಗುತ್ತದೆ, ಆ ಭಾಗ ಮೆತ್ತಗಾಗುತ್ತದೆ. ಈಗ ಆ ಚಾಕು ಪಾರ್ಸೆಲ್ ಟೇಪ್ ಕತ್ತರಿಸುತ್ತದೆ. ಮೈದುನ ಬಂದ ದಿನ ಅದನ್ನು ಅಡಗಿಸಿಡುತ್ತೇವೆ.

ಮೂರನೆಯದು ಸಕಲೇಶಪುರದ ಅಮ್ಮನ ಮನೆಯಿಂದ. ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟನ್ನು ಕುಲುಮೆಯಲ್ಲಿ ಬಡಿದು ಮಾಡಿದ್ದು. ಅದರ ಬಾಯಿ ನಿಜಕ್ಕೂ ಚೆನ್ನಾಗಿತ್ತು. ಆದರೆ ಅದು ತುಕ್ಕು ಹಿಡಿಯುವ ಉಕ್ಕು. ಸಕಲೇಶಪುರದ ಮಳೆಗಾಲ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ. ಒಂದು ಆಷಾಢದಲ್ಲಿ ಹದಿನೈದು ದಿನ ಅಲ್ಲೇ ಮರೆತುಬಂದೆ. ಹೋಗಿ ನೋಡಿದರೆ ಕೆಂಪು ಹುಡಿ. ಇನ್ನೊಂದು ತೊಂದರೆ ಬದನೆಕಾಯಿಯದು. ಬದನೆ, ಬಾಳೆಕಾಯಿ, ಬಾಳೆಹೂವಿನ ಒಗರು ಈ ಕಬ್ಬಿಣದ ಜೊತೆ ಸೇರಿದರೆ ಸೀಳಿದ ಜಾಗ ಬೇಗ ಕಪ್ಪಾಗುತ್ತದೆ. ನಮ್ಮ ಮನೆಗಾದರೆ ಪರವಾಗಿಲ್ಲ, ದುಡ್ಡು ಕೊಟ್ಟವರ ಎಲೆಗೆ ಬಡಿಸುವಾಗ ಮನಸ್ಸು ಒಪ್ಪುವುದಿಲ್ಲ. ಸೀಳಿದ್ದನ್ನು ಉಪ್ಪುನೀರಿಗೆ ಹಾಕುತ್ತೇನೆ, ಆದರೂ ಅಂಚು ಮಾಸುತ್ತಿತ್ತು.

ಹೀಗೆ ಸುತ್ತಿ ಸುತ್ತಿ ಕೊನೆಗೆ ಒಂದು ಲೆಕ್ಕಕ್ಕೆ ಬಂದೆ. ನಾನೇ ಮಸೆಯಲು ಆಗುವ ಚಾಕು ಮಾತ್ರ ನನ್ನ ಚಾಕು. ಈಗಿರುವುದು ಸ್ಟೇನ್‌ಲೆಸ್, ಆದರೆ ಚಾಕುವಿಗೆ ಅಂತಲೇ ಮಾಡಿದ ಸ್ಟೀಲು. ಅಲಗಿನ ಮೇಲೆ ಎಕ್ಸ್ 50 ಸಿಆರ್‌ಎಂಒವಿ 15 ಅಂತ ಅಚ್ಚು ಇದೆ. ಮಗ ಅದನ್ನು ಓದಿ ಹೇಳಿದ: ಮೊದಲ 50 ಅಂದರೆ ಶೇ 0.5 ಇಂಗಾಲ, ಕೊನೆಯ 15 ಅಂದರೆ ಶೇ 15 ಕ್ರೋಮಿಯಂ. ಬೆನ್ನು ತೆಳ್ಳಗಿದೆ. ಚಿಕ್ಕ ಚಾಕುವಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಬೆನ್ನು ದಪ್ಪ ಇದ್ದರೆ ಎಷ್ಟೇ ಹರಿತ ಇರಲಿ, ನವಿಲುಕೋಸನ್ನು ಕತ್ತರಿಸುವುದಿಲ್ಲ, ಸೌದೆ ಹಾಗೆ ಸೀಳುತ್ತದೆ. ಹಿಡಿ ಒದ್ದೆ ಕೈಗೆ ಜಾರಬಾರದು. ಅಂಗಡಿಯಲ್ಲೇ ಹಿಡಿದು, ಹೆಬ್ಬೆರಳನ್ನು ಕಾಯಿಯ ಮೇಲಿಟ್ಟ ಹಾಗೆ ಇಟ್ಟು, ಗಾಳಿಯಲ್ಲಿ ಒಂದು ಆಲೂಗಡ್ಡೆ ಸುಲಿದು ನೋಡಿದೆ. ಅಂಗಡಿಯವರು ಅದಕ್ಕೂ ನಕ್ಕರು.

ಮಸೆಯುವುದು ಹೀಗೆ. ಹಾರ್ಡ್‌ವೇರ್ ಅಂಗಡಿಯ ಕಲ್ಲಿಗೆ ಎರಡು ಮುಖ, ಒಂದು ಒರಟು, ಒಂದು ನಯ. ಒರಟು ಮುಖವನ್ನು ವರ್ಷಕ್ಕೆ ಒಂದೆರಡು ಸಲ ಮುಟ್ಟಿದರೆ ಜಾಸ್ತಿ. ವಾರಕ್ಕೊಮ್ಮೆ ನಯ ಮುಖ ಸಾಕು. ಒದ್ದೆ ಬಟ್ಟೆ ಮಡಚಿ ಅದರ ಮೇಲೆ ಕಲ್ಲು ಇಡುತ್ತೇನೆ, ಇಲ್ಲದಿದ್ದರೆ ಜಾರುತ್ತದೆ. ಮೇಲೆ ನೀರು ಚಿಮುಕಿಸುತ್ತೇನೆ. ಕೋನ ಹಿಡಿಯುವುದೇ ಕಷ್ಟದ ಕೆಲಸ. ಹತ್ತು ರೂಪಾಯಿಯ ಮೂರು ನಾಣ್ಯ ಒಂದರ ಮೇಲೊಂದು ಇಟ್ಟರೆ 5 ಮಿಲಿಮೀಟರ್ ಚಿಲ್ಲರೆ ಎತ್ತರ. ಅಲಗಿನ ಅಗಲ 2 ಸೆಂಟಿಮೀಟರ್ ಇದ್ದು, ಬೆನ್ನು ಅಷ್ಟು ಎದ್ದರೆ ಹೆಚ್ಚುಕಡಿಮೆ 15 ಡಿಗ್ರಿ ಆಗುತ್ತದೆ. ಮೊದಲು ನಾಣ್ಯದ ಮೇಲೆ ಬೆನ್ನು ಇಟ್ಟು ನೋಡುತ್ತೇನೆ, ಆಮೇಲೆ ನಾಣ್ಯ ತೆಗೆದು ಅದೇ ಎತ್ತರದಲ್ಲಿ ಕೈ ಆಡಿಸುತ್ತೇನೆ. ಶುರುವಿನಲ್ಲಿ ಅಂಚಿಗೆ ಸ್ಕೆಚ್ ಪೆನ್ನಿನ ಗೆರೆ ಎಳೆದುಕೊಳ್ಳುತ್ತಿದ್ದೆ. ಗೆರೆ ಪೂರ್ತಿ ಅಳಿಸಿದರೆ ಕೋನ ಸರಿ. ಮೇಲ್ಭಾಗ ಮಾತ್ರ ಅಳಿಸಿದರೆ ಬೆನ್ನು ತೀರಾ ಮಲಗಿದೆ ಅಂತ ಲೆಕ್ಕ.

ಒಂದೇ ಬದಿ ಮಸೆಯುತ್ತಾ ಹೋದರೆ ಅಂಚು ಆಚೆ ಬದಿಗೆ ಕೂದಲೆಳೆಯಷ್ಟು ಮಡಚಿಕೊಳ್ಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸವರಿದರೆ ಸಣ್ಣಗೆ ಕೊಕ್ಕೆ ಸಿಕ್ಕ ಹಾಗಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಸವರಬೇಡಿ, ಬೆರಳು ಹೋಗುತ್ತದೆ. ಆ ಕೊಕ್ಕೆ ಬುಡದಿಂದ ತುದಿಯವರೆಗೂ ಸಿಗುವ ತನಕ ಬದಿ ಬದಲಿಸುವುದಿಲ್ಲ. ತುಂಬಾ ಜನ ಇಲ್ಲೇ ಅವಸರ ಮಾಡುತ್ತಾರೆ. ಇನ್ನೊಂದು ಬದಿಯನ್ನೂ ಹೀಗೇ ಮಾಡಿ, ಕೊನೆಗೆ ಒತ್ತಡವೇ ಇಲ್ಲದಂತೆ ಆಚೆಗೊಂದು ಈಚೆಗೊಂದು ಎಳೆದರೆ ಆ ಮಡಿಕೆ ಬಿದ್ದುಹೋಗುತ್ತದೆ. ಪರೀಕ್ಷೆಗೆ ಹಣ್ಣು ಟೊಮೆಟೊ. ಒತ್ತದೆ, ಸುಮ್ನೆ ಎಳೆದರೆ ಸಿಪ್ಪೆ ಬಿಡಬೇಕು. ಕೆಲಸದ ನಡುವೆ ಮಂಕಾದರೆ ಪಿಂಗಾಣಿ ಕಪ್ ಬೋರಲು ಹಾಕಿ, ಬುಡದ ಒರಟು ಬಳೆಗೆ ನಾಲ್ಕು ಸಲ ಎಳೆಯುತ್ತೇನೆ.

ಉಳಿದದ್ದು ಬರೀ ಅಭ್ಯಾಸ. ಸಿಂಕಿನಲ್ಲಿ ಬಿಡುವುದಿಲ್ಲ. ಪಾತ್ರೆ ರಾಶಿಯಲ್ಲಿ ಬಾಯಿ ತಾಗುತ್ತದೆ, ಜೊತೆಗೆ ಕೆಲಸಕ್ಕೆ ಬರುವ ಅಕ್ಕನ ಕೈ ಕುಯ್ದೀತು. ತೊಳೆದ ತಕ್ಷಣ ಒರೆಸುತ್ತೇನೆ. ಸ್ಟೇನ್‌ಲೆಸ್ ಆದರೂ ಹುಣಸೆ, ನಿಂಬೆ, ಉಪ್ಪು ಮೆತ್ತಿಕೊಂಡು ರಾತ್ರಿಯೆಲ್ಲ ಇದ್ದರೆ ಚುಕ್ಕೆ ಬೀಳುತ್ತದೆ. ಸ್ಟೀಲ್ ತಟ್ಟೆ, ಗ್ರಾನೈಟ್ ಕಟ್ಟೆ ಮೇಲೆ ಹೆಚ್ಚುವುದಿಲ್ಲ, ಮರದ ಹಲಗೆಯೇ ಬೇಕು. ಹಲಸಿನ ಮೇಣ ಹತ್ತಿದರೆ ಉಜ್ಜಾಡದೆ ತೆಂಗಿನೆಣ್ಣೆ ಹಚ್ಚಿ ಒರೆಸಬೇಕು. ಡ್ರಾಯರಿನಲ್ಲಿ ಸೌಟಿನ ಜೊತೆ ಕುಣಿಯಬಾರದು ಅಂತ ಅಡಿಕೆ ಹಾಳೆ ಮಡಚಿ, ದಾರದಲ್ಲಿ ಹೊಲಿದು ಒಂದು ಒರೆ ಮಾಡಿದ್ದೇನೆ. ಕುಲುಮೆಯ ಚಾಕುವಿನ ತುಕ್ಕು ತೆಗೆದು, ಎಣ್ಣೆ ಸವರಿ ಅದನ್ನೂ ಇಟ್ಟುಕೊಂಡಿದ್ದೇನೆ. ಬೀನ್ಸ್, ಕ್ಯಾರೆಟ್‌ಗೆ ಈಗಲೂ ಅದೇ ಇಷ್ಟ.

ಇದನ್ನೆಲ್ಲ ಓರೆಗಣ್ಣಲ್ಲಿ ನೋಡುತ್ತಿದ್ದ ಅತ್ತೆ ಮೊನ್ನೆ ಈಳಿಗೆಮಣೆ ತಂದು ಪಕ್ಕದಲ್ಲಿಟ್ಟರು. "ಇದಕ್ಕೂ ನಾಣ್ಯ ಇಡೇ ನೋಡೋಣ." ಬಾಗಿದ ಅಲಗಿಗೆ ನಾಣ್ಯದ ಲೆಕ್ಕ ನಡೆಯಲಿಲ್ಲ. ಮಣೆಯನ್ನು ಕಲ್ಲಿನ ಮೇಲೆ ಆಡಿಸಲೂ ಆಗಲ್ಲ. ಕೊನೆಗೆ ಅತ್ತೆ ಮಣೆ ಮೇಲೆ ಕಾಲಿಟ್ಟು ಅದುಮಿ ಹಿಡಿದರು, ನಾನು ಕಲ್ಲನ್ನೇ ಕೈಯಲ್ಲಿ ಹಿಡಿದು ಬಾಗಿನ ಉದ್ದಕ್ಕೂ ಎಳೆದೆ. ಮುಗಿದ ಮೇಲೆ ಅವರು ಒಂದು ನುಗ್ಗೆಕಾಯಿ ಹೆಚ್ಚಿ ನೋಡಿ, ಇನ್ನೊಂದು ಹೆಚ್ಚಿ, "ತುದಿ ಹತ್ರ ಇನ್ನೂ ಸ್ವಲ್ಪ ಬೇಕು" ಅಂದರು. ಕೊಕ್ಕೆ ಅಲ್ಲಿ ಸಿಕ್ಕಿರಲಿಲ್ಲ. ಅವಸರ ಮಾಡಿದ್ದೆ.