ಗಡಿಯ ಎರಡೂ ಬದಿ ಒಂದೇ ದಿನ ಗಸ್ತು ಹೊಂದಿಸುವುದು ಹೇಗೆ

ಲೈಬೀರಿಯಾದ ಜ್ವೆಡ್ರುವಿನಲ್ಲಿ ನಾನು ವಿಶ್ವಸಂಸ್ಥೆಯ ಸಂಪರ್ಕಾಧಿಕಾರಿ ಆಗಿದ್ದೆ. ಅಲ್ಲಿ ವಿಶ್ವಸಂಸ್ಥೆಯ ಒಂದು ಶಾಂತಿಪಾಲನಾ ಪಡೆ (ಮಿಷನ್) ಇತ್ತು, ಪಕ್ಕದ ಐವರಿ ಕೋಸ್ಟ್‌ನಲ್ಲಿ ಅದರದೇ ಬೇರೆ ಮಿಷನ್. ನಡುವೆ ಕವಾಲಾ ನದಿ, ದಟ್ಟ ಕಾಡು. ಎರಡೂ ಮಿಷನ್ ಈಗ ಮುಚ್ಚಿವೆ. ಆದರೆ ಇಂಥ ಗಡಿಗಳು ಇನ್ನೂ ಇವೆ, ಅಲ್ವಾ?

ಮೊದಲು ಭದ್ರತಾ ಮಂಡಳಿಯ ನಿರ್ಣಯ ಓದಿ. ನಮಗೆ 2005ರ ನಿರ್ಣಯ 1609 ಇತ್ತು. ಪಡೆಗಳನ್ನು ತಾತ್ಕಾಲಿಕವಾಗಿ ಪಕ್ಕದ ಮಿಷನ್‌ಗೆ ಕೊಡಲು ಅದು ದಾರಿ ಮಾಡಿತ್ತು. ಆದರೆ ಸೈನಿಕರನ್ನು ಕಳಿಸಿದ ದೇಶ ಒಪ್ಪಬೇಕು. ಹಾಗಾಗಿ ದಿನನಿತ್ಯದ ಗಸ್ತಿಗೆ ಯಾರೂ ನದಿ ದಾಟಬೇಡಿ. ಅವರವರ ದಡದಲ್ಲಿ, ಒಂದೇ ಹೊತ್ತಿಗೆ ನಡೆಯಿರಿ.

ಸಂದೇಶದಲ್ಲಿ ಬರೀ ಊರ ಹೆಸರು ಸಾಲದು. ನಮ್ಮ ನಕ್ಷೆ ಇಂಗ್ಲಿಷಿನದು, ಅವರದು ಫ್ರೆಂಚಿನದು. ಕಾಗುಣಿತ ಹೊಂದುವುದೇ ಇಲ್ಲ. ಗ್ರಿಡ್ ಸಂಖ್ಯೆ (ನಕ್ಷೆಯ ಚೌಕಗಳಲ್ಲಿ ಜಾಗ ಗುರುತಿಸುವ ಅಂಕಿ), ಹೊರಡುವ ಸಮಯ, ರೇಡಿಯೋ ಚಾನೆಲ್, ಈ ಮೂರೂ ಇರಲಿ. ರೇಡಿಯೋ ಹತ್ತಿರ ಫ್ರೆಂಚ್ ಬಲ್ಲವರೊಬ್ಬರು ಕೂತಿರಲೇಬೇಕು.

ಹಳ್ಳಿಯಲ್ಲಿ ಕೇಳಿದ ಗಾಳಿಸುದ್ದಿಯನ್ನೂ ಅದೇ ದಿನ ಆಚೆಗೆ ಮುಟ್ಟಿಸಿ. ಖಾತ್ರಿಯಾಗಲಿ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ. ಅಪಾಯ ಸಣ್ಣದಲ್ಲ: 2012ರ ಜೂನ್ 8ರಂದು ಐವರಿ ಕೋಸ್ಟ್ ಕಡೆಯ ತಾಯ್ (Taï) ಎಂಬ ಪಟ್ಟಣದ ಹತ್ತಿರ ನೈಜರ್ ದೇಶದ 7 ಶಾಂತಿಪಾಲಕರು ಹೊಂಚುದಾಳಿಗೆ ಬಲಿಯಾದರು.

ಮಳೆಗಾಲದಲ್ಲಿ ಕೆಂಪು ಮಣ್ಣಿನ ರಸ್ತೆಯಲ್ಲಿ ಲಾರಿ ಹೂತುಹೋಗುತ್ತದೆ. ಹೆಲಿಕಾಪ್ಟರ್ ಬೇಕಿದ್ದರೆ ಮುಂಚೆಯೇ ಕೇಳಿಡಿ.