ಕಾಲುದಾರಿ ಉಳಿಸಿಕೊಂಡ ಬಗೆ: ಹೊಸದುರ್ಗ ಸೀಮೆಯ ನನ್ನ ಅನುಭವ

ಹೊಸದುರ್ಗ ತಾಲ್ಲೂಕಿನ ನಮ್ಮ ಊರಿನಿಂದ ಗೊಲ್ಲರಹಟ್ಟಿಗೂ ಅಲ್ಲಿಂದ ಕೆರೆಕೋಡಿ ದಾಟಿ ಗುಡ್ಡದ ಬುಡದ ಹೊಲಗಳಿಗೂ ಹೋಗುವ ಕಾಲುದಾರಿಗಳನ್ನು ನಾವು ಕೆಲವರು ಸೇರಿ ಹಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇವೆ. ಶಾಲೆಗೆ ಬರುವ ಹಟ್ಟಿಯ ಮಕ್ಕಳು, ಕುರಿ ಹೊಡೆದುಕೊಂಡು ಹೋಗುವವರು, ಕಳೆ ತೆಗೆಯಲು ಹೋಗುವ ಹೆಂಗಸರು ನಡೆಯುವುದು ಈ ದಾರಿಗಳಲ್ಲಿಯೇ. ಡಾಂಬರು ರಸ್ತೆ ಹಿಡಿದು ಹೋದರೆ ಅವರಿಗೆ ಎರಡು ಪಟ್ಟು ದೂರವಾಗುತ್ತದೆ.

ದಾರಿ ಒಂದೇ ದಿನದಲ್ಲಿ ಮುಚ್ಚಿಹೋಗುವುದು ಅಪರೂಪ. ಪ್ರತಿ ಸಲದ ಉಳುಮೆಯಲ್ಲಿಯೂ ಎರಡೂ ಕಡೆಯಿಂದ ಒಂದೊಂದು ಸಾಲು ಒಳಕ್ಕೆ ಬರುತ್ತದೆ. ಬಂಡಿ ಹೋಗುತ್ತಿದ್ದಲ್ಲಿ ಎತ್ತು ಮಾತ್ರ ಹೋಗುವಂತಾಗಿ, ಕೊನೆಗೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಉಳಿಯುತ್ತದೆ. ಕೊಳವೆಬಾವಿಯಲ್ಲಿ ನೀರು ಬಿದ್ದು, ರಾಗಿ, ಸಾವೆ ಬೆಳೆಯುತ್ತಿದ್ದ ಹೊಲ ಅಡಿಕೆ ತೋಟವಾಗಿ ಸುತ್ತ ತಂತಿಬೇಲಿ ಬಂದ ಮೇಲೆ ಆ ಉಳಿದದ್ದೂ ಹೋಗುತ್ತದೆ. ಬೇಲಿ ಹಾಕಿದವರನ್ನು ಬೈದು ಪ್ರಯೋಜನವಿಲ್ಲ. ಅಷ್ಟು ಹಣ ಸುರಿದು ಸಸಿ ನಟ್ಟವರಿಗೆ ದನಕರುಗಳ ಭಯ ಇದ್ದೇ ಇರುತ್ತದೆ. ಆದ್ದರಿಂದ ಬೇಲಿ ಬರುವುದಕ್ಕೆ ಮೊದಲೇ ಕಾಗದದ ಕೆಲಸ ಮುಗಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಗದದಲ್ಲಿ ಮೊದಲು ತಿಳಿಯಬೇಕಾದದ್ದು ನಮ್ಮದು ನಕಾಶೆ ಕಂಡ ದಾರಿಯೋ, ನಕಾಶೆಯಲ್ಲಿ ಇಲ್ಲದೆ ಜನ ನಡೆದು ಬಂದ ರೂಢಿಯ ದಾರಿಯೋ ಎಂಬುದು. ಗ್ರಾಮ ನಕಾಶೆಯಲ್ಲಿ ಬಂಡಿದಾರಿಯನ್ನು ಜೋಡಿ ಚುಕ್ಕಿಗೆರೆಯಿಂದಲೂ ಕಾಲುದಾರಿಯನ್ನು ಒಂಟಿ ಚುಕ್ಕಿಗೆರೆಯಿಂದಲೂ ತೋರಿಸಿರುತ್ತಾರೆ. ನಕಾಶೆಯ ಜೊತೆಗೆ ಆಯಾ ಸರ್ವೆ ನಂಬರಿನ ಟಿಪ್ಪಣಿಯನ್ನೂ (ಅಳತೆಯ ನಕ್ಷೆ) ಪಹಣಿಯ ಮೂರನೆಯ ಕಾಲಂನಲ್ಲಿರುವ ಖರಾಬಿನ (ಸಾಗುವಳಿಯ ಲೆಕ್ಕಕ್ಕೆ ಸೇರದ ನೆಲ) ಲೆಕ್ಕವನ್ನೂ ಇಟ್ಟು ನೋಡಬೇಕು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 21ನೆಯ ನಿಯಮದ ಪ್ರಕಾರ ರಸ್ತೆ, ಅಂಗೀಕೃತ ಕಾಲುದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕ ಬಳಕೆಯ ನೆಲ ‘ಬಿ’ ಖರಾಬಿಗೆ ಸೇರುತ್ತದೆ. ಭೂಕಂದಾಯ ಅಧಿನಿಯಮ, 1964ರ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ದಾರಿಗಳನ್ನು ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಈ ಎರಡನ್ನೂ ಬರೆದು, ನಕಾಶೆಯ ನಕಲು ಲಗತ್ತಿಸಿ ಕೊಟ್ಟ ಅರ್ಜಿಗೂ ‘ನಮ್ಮ ದಾರಿ ಮುಚ್ಚಿದ್ದಾರೆ’ ಎಂದಷ್ಟೇ ಬರೆದ ಅರ್ಜಿಗೂ ತಹಶೀಲ್ದಾರ್ ಕಚೇರಿಯಲ್ಲಿ ಸಿಗುವ ಬೆಲೆ ಬೇರೆ ಬೇರೆ. ನಕಾಶೆಯ ದಾರಿಗಳನ್ನು ತೆರವುಗೊಳಿಸುವಂತೆ ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಿದ್ದೂ ನಮ್ಮ ಮಾತಿಗೆ ಬಲ ಕೊಟ್ಟಿತು. ನಡೆಯುತ್ತಿರುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಅಂದಾಜು ಮಾಡಲು ಮೊಬೈಲಿನ ದಿಶಾಂಕ್ ಆ್ಯಪ್ ಸಾಕು. ಕಲ್ಲು ನಡುವುದಕ್ಕೆ ಮಾತ್ರ ಭೂಮಾಪಕರು ಬಂದು ಅಳೆಯಲೇಬೇಕು.

ರೂಢಿಯ ದಾರಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ ಖಾಸಗಿ ಹೊಲದಲ್ಲಿ 20 ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ನಡೆದಿದ್ದರೆ ಹಕ್ಕು ಸಿದ್ಧಿಸುತ್ತದೆ. ಆದರೆ ಆ 20 ವರ್ಷಗಳ ಅವಧಿ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳ ಒಳಗೆ ಮುಗಿದಿರಬೇಕು. ಹೀಗಿರುವಾಗ ‘ಆಮೇಲೆ ನೋಡೋಣ’ ಎಂದು ಸುಮ್ಮನೆ ಕುಳಿತವರ ಹಕ್ಕು ಕೈತಪ್ಪುತ್ತದೆ. ನಮ್ಮಲ್ಲಿ ಇಂಥ ದಾರಿಗಳನ್ನು ಮಾತಿನಿಂದಲೇ ಉಳಿಸಿಕೊಂಡೆವು. ಹೊಲದ ನಡುವೆ ಹಾದುಹೋಗುತ್ತಿದ್ದ ದಾರಿಯನ್ನು ಬದುವಿನ ಪಕ್ಕಕ್ಕೆ ಸರಿಸಲು ಒಪ್ಪಿ, ಅದನ್ನು ಇಬ್ಬರ ಸಹಿಯೊಂದಿಗೆ ಬರೆಸಿಕೊಂಡೆವು. ನಕಾಶೆಯ ದಾರಿಗೆ ಮಾತ್ರ ಈ ಬಗೆಯ ಒಪ್ಪಂದ ಕೂಡದು. ಅದು ಸರ್ಕಾರದ ನೆಲ, ಇಬ್ಬರು ಮಾತನಾಡಿಕೊಂಡು ಸರಿಸಲು ಬರುವುದಿಲ್ಲ. ನಾಳೆ ಹೊಲ ಕೊಂಡವರು ಹಳೆಯ ಮಾತನ್ನು ಕೇಳಿರುವುದೂ ಇಲ್ಲ.

ಬೇಲಿ ಇದ್ದಲ್ಲಿ ಗಂಡಿ ಬಿಡಿಸಿದೆವು. ಎರಡು ಕಲ್ಲುಕಂಬಗಳ ನಡುವೆ ಆಳು ಹಾಯುವಷ್ಟು ಸಂದು ಬಿಟ್ಟು, ಅದರ ಎದುರಿಗೆ ಸ್ವಲ್ಪ ಒಳಕ್ಕೆ ಇನ್ನೊಂದು ಕಂಬ ನಟ್ಟರೆ ಮನುಷ್ಯರು ತಿರುಗಿಕೊಂಡು ದಾಟುತ್ತಾರೆ, ದನ ದಾಟಲಾರದು. ತೋಟದವರಿಗೆ ಇದನ್ನು ಮೊದಲೇ ತೋರಿಸಿಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ತೆರೆದ ದಾರಿಯನ್ನು ಕೆಡಿಸುವುದು ಹೆಚ್ಚಾಗಿ ನೀರು. ನಮ್ಮ ಕೆಂಪು ನೆಲದಲ್ಲಿ ಜನ ನಡೆದು ತಗ್ಗಾದ ದಾರಿಯೇ ಮಳೆಗಾಲದಲ್ಲಿ ಕಾಲುವೆಯಾಗಿ, ಒಂದೆರಡು ಜೋರು ಮಳೆಗೆ ಮೊಣಕಾಲುದ್ದದ ಕೊರಕಲು ಬೀಳುತ್ತದೆ. ಕೊರಕಲಿಗೆ ಮಣ್ಣು ತುಂಬುವುದು ವ್ಯರ್ಥ. ಅದು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಇಳಿಜಾರಿನಲ್ಲಿ ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲು ಜೋಡಿಸಿ, ಮಣ್ಣು ಕೂರಿಸಿ ಅಡ್ಡಬದು ಹಾಕಿ, ನೀರನ್ನು ಪಕ್ಕದ ಹುಲ್ಲುನೆಲಕ್ಕೋ ಹಳ್ಳಕ್ಕೋ ತಿರುಗಿಸಬೇಕು. ತಿರುಗಿಸಿದ ನೀರು ಯಾರ ಬಿತ್ತನೆಯ ಮೇಲೂ ಬೀಳದಂತೆ ಹೊಲದವರನ್ನು ಕರೆದುಕೊಂಡು ಹೋಗಿ ಜಾಗ ಗುರುತಿಸಿದ ಮೇಲೆಯೇ ಕಲ್ಲು ಹಾಕಿಸುತ್ತೇನೆ. ಕೆರೆಯ ಕೆಳಗಿನ ಎರೆ ನೆಲದಲ್ಲಿ ಗರಸು ಹಾಸದೆ ಬೇರೆ ದಾರಿಯಿಲ್ಲ. ಅದನ್ನು ಗ್ರಾಮಸಭೆಯಲ್ಲಿ ಬರೆಸಿ ಉದ್ಯೋಗ ಖಾತರಿಯ ಕಾಮಗಾರಿಯಾಗಿ ಮಾಡಿಸಿದೆವು.

ಬಳ್ಳಾರಿ ಜಾಲಿಯದು ಬೇರೆಯೇ ಕಥೆ. ಮೇಲೆ ಕಡಿದಷ್ಟೂ ಬುಡದಿಂದ ನಾಲ್ಕಾರು ಕವಲು ಚಿಗುರಿ ಮುಳ್ಳಿನ ಪೊದೆಯಾಗುತ್ತದೆ. ನೆಲ ಹದವಾಗಿರುವಾಗ ಗುದ್ದಲಿಯಿಂದ ಬುಡ ಬಿಡಿಸಿ, ಮಣ್ಣಿನೊಳಗೆ ಸುಮಾರು ಒಂದು ಅಡಿ ಆಳದಲ್ಲಿ ಬೇರನ್ನು ಕತ್ತರಿಸಿದರೆ ಮಾತ್ರ ಅದು ಮತ್ತೆ ಚಿಗುರುವುದಿಲ್ಲ. ಕಡಿದ ಮುಳ್ಳನ್ನು ಅದೇ ದಿನ ಎಳೆದು ಹಾಕಿಸಬೇಕು, ಬರಿಗಾಲಿನಲ್ಲಿ ನಡೆಯುವವರು ಇನ್ನೂ ಇದ್ದಾರೆ. ತಂಗಡಿ, ಹೊಂಗೆ, ಬೇವುಗಳನ್ನು ಮುಟ್ಟುವುದಿಲ್ಲ, ಕೊಂಬೆ ಮುಖಕ್ಕೆ ತಾಗುವಂತಿದ್ದರೆ ಸವರುತ್ತೇವೆ. ಶೇಂಗಾ ಕೀಳುವ ಹೊತ್ತಿಗೆ ಬೆಳೆದ ಹುಲ್ಲಿನಲ್ಲಿ ಕೊಳಕುಮಂಡಲದ ಭಯವಿರುವುದರಿಂದ, ಮಕ್ಕಳು ನಡೆಯುವ ಹಟ್ಟಿಯ ದಾರಿಯ ಹುಲ್ಲನ್ನು ಎಲ್ಲಕ್ಕಿಂತ ಮೊದಲು ಕೊಯ್ಯಿಸುತ್ತೇವೆ. ಹುಲ್ಲು ಕೊಯ್ದವರಿಗೇ ಸೇರುತ್ತದೆ. ಈ ವರ್ಷ ಕೋಡಿಯ ಆಚೆಗಿನ ದಾರಿಯ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಕೊಟ್ಟಿದ್ದೇವೆ. ಅಳತೆಯಾದ ಕೂಡಲೇ ನಡಲೆಂದು ಬಾಂದುಕಲ್ಲುಗಳನ್ನು ತರಿಸಿ ಹಟ್ಟಿಯ ಬಳಿ ಇರಿಸಿದ್ದೇವೆ.