ಹೊಸ ಚಕ್ರ ಕೊಳ್ಳುವ ಮುಂಚೆ ಕಡ್ಡಿ ಎಣಿಸಿ

ನಂದಿ ಬೆಟ್ಟದ ಕಡೆ ರೋಡ್ ಸೈಕಲ್ ಓಡಿಸುವವರು ಚಕ್ರ ಬದಲಿಸುವಾಗ ಬರೀ ತೂಕ ನೋಡಬೇಡಿ, ಕಡ್ಡಿ (ಸ್ಪೋಕ್) ಎಣಿಸಿ. ಹಿಂದಿನ ಚಕ್ರಕ್ಕೆ 32 ಕಡ್ಡಿ, ಡಬಲ್ ವಾಲ್ (ಎರಡು ಪದರದ) ರಿಮ್, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆ ನಿಪ್ಪಲ್ ಇರಲಿ. ನಮ್ಮ ಭಾರದ ಜಾಸ್ತಿ ಪಾಲು ಹಿಂದಿನ ಚಕ್ರದ ಮೇಲೇ ಅಲ್ವಾ? ಕಡ್ಡಿ ಹೆಚ್ಚಿದ್ದಷ್ಟೂ ಅದು ಹಂಚಿಹೋಗುತ್ತದೆ. 20 ಕಡ್ಡಿಯ ಚಕ್ರದಲ್ಲಿ ಒಂದು ಮುರಿದರೂ ರಿಮ್ ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತದೆ. 32 ಇದ್ದರೆ ನಿಧಾನವಾಗಿ ಚಿಕ್ಕಬಳ್ಳಾಪುರದವರೆಗೂ ಬರಬಹುದು. ಕಡ್ಡಿ ಮಾಮೂಲಿ ಬಾಗಿದ ತಲೆಯದ್ದೇ ಆಗಲಿ, ಬದಲಿ ಸಿಗುವುದು ಸುಲಭ. ಆದರೆ ಕಡ್ಡಿಗಳ ಬಿಗಿ ಸಮ ಇಲ್ಲದಿದ್ದರೆ 36 ಕಡ್ಡಿ ಇದ್ದರೂ ಮುರಿಯುತ್ತದೆ. ಮೊದಲ 200-300 ಕಿ.ಮೀ. ಆದ ಮೇಲೆ ಬಿಗಿಯನ್ನು ತಪ್ಪದೆ ನೋಡಿಸಿ. ರಿಮ್ಮನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಇಳಿಜಾರಿನಲ್ಲಿ ರಿಮ್ ಸವೆಯುವುದನ್ನು ಮಾತ್ರ ಯಾವ ಕಡ್ಡಿಯೂ ತಡೆಯುವುದಿಲ್ಲ.